ಹೊತ್ತು ಮುಳುಗುವವರೆಗಿನ ವರ

ಮಂತ್ರಶಕ್ತಿಯಿರುವ ಮಕ್ಕಳ ಹೊಸ ಕಾದಂಬರಿಯೊಂದನ್ನು ಮೊಮ್ಮಗಳಿಗೆ ಓದಿ ಹೇಳುತ್ತಿದ್ದೆ. ಒಬ್ಬ ಚಿಟಿಕೆ ಹೊಡೆದರೆ ಬೆಂಕಿ, ಇನ್ನೊಬ್ಬಳು ಕಣ್ಣು ಮುಚ್ಚಿದರೆ ಮಾಯ. ಯಾರಿಗೂ ಹಸಿವಿಲ್ಲ, ಅಂಜಿಕೆಯಿಲ್ಲ. ಅರ್ಧಕ್ಕೇ ಅವಳು “ಸಾಕು ಅಜ್ಜಿ” ಎಂದು ಮಗ್ಗುಲಾದಳು. ನನಗೂ ಬೇಸರವಾಯಿತು, ಈ ಬಗೆಯ ಕಥೆಗೆ ಎಂಥೆಂಥ ಹಿರಿಯರಿದ್ದಾರೆ!

1902ರಲ್ಲಿ ಇಂಗ್ಲೆಂಡಿನ ಈಡಿತ್ ನೆಸ್ಬಿಟ್ ‘ಫೈವ್ ಚಿಲ್ಡ್ರನ್ ಅಂಡ್ ಇಟ್’ ಬರೆದರು. ಮರಳುಗುಂಡಿಯಲ್ಲಿ ಸಿಕ್ಕ ಪ್ರಾಣಿ ಕೊಡುವ ವರ ಹೊತ್ತು ಮುಳುಗುವವರೆಗೆ ಮಾತ್ರ. ಮಕ್ಕಳು ಚೆಲುವು ಬೇಡುತ್ತಾರೆ, ಬರುತ್ತದೆ. ಆದರೆ ಎಳೆಯ ತಮ್ಮನೇ ಗುರುತು ಸಿಗದೆ ಅಳುತ್ತಾನೆ. ಮನೆಯ ಕೆಲಸದಾಕೆ ಒಳಗೆ ಬಿಡುವುದಿಲ್ಲ. ಊಟವಿಲ್ಲದೆ ಹೊರಗೇ ಕೂತು ಸಂಜೆಗಾಗಿ ಕಾಯುತ್ತಾರೆ.

1968ರಲ್ಲಿ ಅಮೆರಿಕದ ಉರ್ಸುಲಾ ಲೆ ಗ್ವಿನ್ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಮಾಂತ್ರಿಕರ ಗುರುಕುಲವನ್ನೇ ಕಟ್ಟಿದರು. ಅಲ್ಲಿ ಜಂಭಕ್ಕೆ ಮಂತ್ರ ಹಾಕಿದ ಹುಡುಗ ಗೆಡ್ ಕರಾಳ ನೆರಳೊಂದನ್ನು ಹೊರಬಿಟ್ಟು ಸಾವಿನಂಚಿಗೆ ಹೋಗುತ್ತಾನೆ. ಮುಖದ ಗಾಯದ ಕಲೆ ಉಳಿದೇಬಿಡುತ್ತದೆ. 1974ರಲ್ಲಿ ಜಿಲ್ ಮರ್ಫಿಯ ‘ದಿ ವರ್ಸ್ಟ್ ವಿಚ್’. ಮಾಟಗಾತಿಯರ ಶಾಲೆಯಲ್ಲಿ ಎಲ್ಲರಿಗೂ ಕರಿಬೆಕ್ಕು, ಪಾಪ, ಕಥಾನಾಯಕಿ ಮಿಲ್ಡ್ರೆಡ್‌ಗೆ ಮಾತ್ರ ಪಟ್ಟೆಬೆಕ್ಕು. 1997ರ ಹ್ಯಾರಿ ಪಾಟರ್ ಬರುವ ಹೊತ್ತಿಗೆ ಈ ದಾರಿ ಚೆನ್ನಾಗಿ ಸವೆದಿತ್ತು.

ಮರುದಿನ ರಾತ್ರಿ ನೆಸ್ಬಿಟ್ ಕಥೆ ಹೇಳಿದೆ. ಮೊಮ್ಮಗಳು ಎದ್ದು ಕೂತಳು. “ಕತ್ತಲಾದ ಮೇಲೆ ಪಾಪುಗೆ ಗುರುತು ಸಿಕ್ತಾ ಅಜ್ಜಿ?”