ಸಿಂಧನೂರಿನ ಬಂಗಾಳಿ ಕ್ಯಾಂಪುಗಳು: ಭಾಷೆ ಕಲಿತರೂ ಮುಗಿಯದ ಪೌರತ್ವದ ಕೆಲಸ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ 'ಕ್ಯಾಂಪ್' ಎಂದರೆ ಊರು ಎಂದೇ ಅರ್ಥ. ಸಾಲಗುಂದದಂತಹ ಹಳೆಯ ಗ್ರಾಮಗಳಿರುವ ಈ ತಾಲ್ಲೂಕಿನಲ್ಲಿ ಕಳೆದ ಏಳು ದಶಕಗಳಲ್ಲಿ ತಲೆಯೆತ್ತಿದ ಇಂತಹ ಊರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಕಟ್ಟಿಕೊಂಡದ್ದು. ಇನ್ನೊಂದು, ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ಹಿಂದೂಗಳಿಗಾಗಿ ಸರಕಾರ ಕಟ್ಟಿಸಿದ್ದು. ಇಬ್ಬರೂ ಪರನಾಡಿನಿಂದ ಬಂದವರೇ. ಆದರೆ ಈ ನೆಲಕ್ಕೆ ಒಗ್ಗಿಕೊಂಡ ಅವರ ಕಥೆಗಳು ಒಂದೇ ತೆರನಾಗಿಲ್ಲ.

ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರ ವೇಳೆಗೆ ನೀರು ಹರಿಯತೊಡಗಿತು. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಜೋಳ, ಸಜ್ಜೆ, ಹತ್ತಿಯನ್ನೇ ನಂಬಿದ್ದ ಎರೆ ಭೂಮಿಗೆ ಎಡದಂಡೆ ಕಾಲುವೆ ಬಂದಾಗ, ಕೃಷ್ಣಾ, ಗೋದಾವರಿ ಸೀಮೆಯ ರೈತರು ಅಲ್ಲಿಯ ತುಂಡು ಜಮೀನು ಮಾರಿ ಇಲ್ಲಿ ಅದರ ಹಲವು ಪಟ್ಟು ಕೊಂಡರು. ಹೊಲಗಳನ್ನು ಸಮತಟ್ಟು ಮಾಡಿ ಗದ್ದೆಯಾಗಿಸಿದರು. ಸಿಂಧನೂರು ಭತ್ತದ ಕಣಜವೆನಿಸಿದ್ದರ ಹಿಂದೆ ಅವರ ದುಡಿಮೆ ಇದೆ. ಅಲ್ಪ ನೀರಿನ ಬೆಳೆಗೆಂದು ಯೋಜಿಸಿದ್ದ ಕಾಲುವೆಯ ಮೇಲ್ಭಾಗವೆಲ್ಲ ಭತ್ತವಾಗಿ, ಮಾನ್ವಿ, ರಾಯಚೂರು ಕಡೆಯ ಕೆಳಭಾಗದ ರೈತರು ನೀರಿಗಾಗಿ ಪರದಾಡುವಂತಾದದ್ದೂ ಅದೇ ಕಥೆಯ ಭಾಗ. ಅದೇನೇ ಇರಲಿ, ಆ ರೈತರು ದಾಟಿದ್ದು ರಾಜ್ಯದ ಗಡಿಯನ್ನು ಮಾತ್ರ. 'ನೀವು ಯಾವ ದೇಶದವರು' ಎಂದು ಅವರನ್ನು ಯಾರೂ ಕೇಳಲಿಲ್ಲ.

ಬಂಗಾಳಿಗಳು ದಾಟಿದ್ದು ದೇಶದ ಗಡಿ. 1947ರ ವಿಭಜನೆಯ ನಂತರ ಅಲೆಅಲೆಯಾಗಿ ನಡೆದ ವಲಸೆ, 1964ರ ಕೋಮುಗಲಭೆಗಳ ಬಳಿಕ ಮತ್ತೆ ತೀವ್ರವಾಯಿತು. ಪಶ್ಚಿಮ ಬಂಗಾಳದಲ್ಲಿ ಸ್ಥಳವಿಲ್ಲವೆಂದು ಕೇಂದ್ರ ಸರಕಾರ ನಿರಾಶ್ರಿತರನ್ನು ದೂರದ ರಾಜ್ಯಗಳಿಗೆ ಹಂಚಿತು. ಒಡಿಶಾದ ಕೋರಾಪುಟ್ ಹಾಗೂ ಬಸ್ತಾರ್ ಪ್ರದೇಶವನ್ನು ಒಳಗೊಂಡ ದಂಡಕಾರಣ್ಯ ಯೋಜನೆ 1958ರಲ್ಲಿ ಆರಂಭವಾದ ಅಂತಹ ದೊಡ್ಡ ಪ್ರಯತ್ನ. ಕರ್ನಾಟಕದ ಪಾಲಿಗೆ ಬಂದದ್ದು ಸಿಂಧನೂರು. 1970ರ ದಶಕದ ಆರಂಭದಲ್ಲಿ ಇಲ್ಲಿ ಪುನರ್ವಸತಿ ಕ್ಯಾಂಪುಗಳು ನೆಲೆಗೊಂಡವು. ಜನರ ಬಾಯಲ್ಲಿ ಅವು ಇಂದಿಗೂ 'ಆರ್.ಎಚ್. ಕ್ಯಾಂಪ್', ಒಂದೊಂದನ್ನೂ ಗುರುತಿಸುವುದು ಸಂಖ್ಯೆಯಿಂದ. ಹೆಸರೇ ಇಲ್ಲದೆ ಅರ್ಧ ಶತಮಾನ ಬಾಳಿದ ಊರುಗಳಿವು.

ಬಂದವರಲ್ಲಿ ಹೆಚ್ಚಿನವರು ನಾಮಶೂದ್ರ ಸಮುದಾಯದ ರೈತರು. ನದಿ, ಹಳ್ಳ, ಕೊಳಗಳ ನಡುವೆ ಮೆತ್ತನೆಯ ಮೆಕ್ಕಲು ಮಣ್ಣಿನಲ್ಲಿ ಭತ್ತ, ಸೆಣಬು ಬೆಳೆದವರಿಗೆ, ಮಳೆಗಾಲದಲ್ಲಿ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಬಾಯಿಬಿಡುವ ಎರೆ ಮಣ್ಣು ಹೊಸದು. ಸುತ್ತಲಿನವರ ಊಟ ಜೋಳದ ರೊಟ್ಟಿ. ಇವರದು ಅನ್ನ, ಮೀನು, ಸಾಸಿವೆ ಎಣ್ಣೆ. ಆದರೂ ಭತ್ತ ಬಲ್ಲವರಿಗೆ ಭತ್ತದ ನಾಡೇ ಸಿಕ್ಕಿದ್ದು ಅವರ ಅದೃಷ್ಟವೆನ್ನಬೇಕು. ದಂಡಕಾರಣ್ಯದ ಕಾಡು, ಕಲ್ಲುನೆಲಕ್ಕೆ ಹೋದವರಿಗೆ ಆ ಅನುಕೂಲವೂ ಇರಲಿಲ್ಲ. ಅಲ್ಲಿಂದ ಸಾವಿರಾರು ಜನ 1978ರಲ್ಲಿ ಬಂಗಾಳಕ್ಕೆ ಹಿಂದಿರುಗಿ, ಸುಂದರಬನದ ಮರೀಚ್‌ಝಾಂಪಿ ದ್ವೀಪದಲ್ಲಿ ನೆಲೆಸಲು ಯತ್ನಿಸಿ, 1979ರಲ್ಲಿ ಬಲವಂತವಾಗಿ ಹೊರದೂಡಲ್ಪಟ್ಟರು.

ಸಿಂಧನೂರಿನ ಕ್ಯಾಂಪುಗಳಲ್ಲಿ ದುರ್ಗಾಪೂಜೆ ಈಗಲೂ ಬಂಗಾಳದ ಕ್ರಮದಲ್ಲಿಯೇ ನಡೆಯುತ್ತದೆ. ಮನೆಯೊಳಗೆ ಪೂರ್ವ ಬಂಗಾಳದ ನುಡಿ, ಸಂತೆಯಲ್ಲಿ ಕನ್ನಡ. ಇಲ್ಲಿಯೇ ಹುಟ್ಟಿ ಕನ್ನಡ ಶಾಲೆಗೆ ಹೋದ ಪೀಳಿಗೆಗೆ ಸಿಂಧನೂರೇ ಸ್ವಂತ ಊರು.

ತೊಡಕು ಇರುವುದು ಕಾಗದದಲ್ಲಿ. ವಿಭಜನೆಯ ನಂತರ ತಡವಾಗಿ ಬಂದವರು 1955ರ ಪೌರತ್ವ ಕಾಯ್ದೆಯ ಅಡಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಿತ್ತು. ಜಮೀನು ಕೊಟ್ಟ ಸರಕಾರವೇ ತಮ್ಮನ್ನು ಪೌರರೆಂದು ಒಪ್ಪಿದೆ ಎಂದು ಭಾವಿಸಿದ ಕುಟುಂಬಗಳಿಗೆ ಈ ವ್ಯತ್ಯಾಸ ತಿಳಿದದ್ದು ಬಹಳ ತಡವಾಗಿ. ಕಾನೂನಿನ ಪ್ರಕಾರ 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಜನ್ಮತಃ ಪೌರರು. ಆ ಬಳಿಕ 2004ರ ಡಿಸೆಂಬರ್ 3ಕ್ಕೆ ಮುನ್ನ ಹುಟ್ಟಿದವರ ತಂದೆ ಅಥವಾ ತಾಯಿ ಪೌರರಾಗಿರಬೇಕು. ಅನಂತರ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜನಿಗೆ ಒಂದು ನಿಯಮ, ಮಗನಿಗೆ ಇನ್ನೊಂದು, ಮೊಮ್ಮಗಳಿಗೆ ಮತ್ತೊಂದು. ಜನನ ಪ್ರಮಾಣಪತ್ರವಿಲ್ಲದವರಿಗಂತೂ ಮೊದಲ ನಿಯಮದ ಲಾಭವನ್ನೂ ಸಾಬೀತುಪಡಿಸುವುದು ಕಷ್ಟ.

2019ರ ತಿದ್ದುಪಡಿ ಕಾಯ್ದೆ, ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪೌರತ್ವದ ದಾರಿ ತೆರೆಯಿತು. ಮುಸ್ಲಿಮರನ್ನು ಹೊರಗಿಟ್ಟ ಕಾರಣಕ್ಕೆ ಅದು ದೇಶದಾದ್ಯಂತ ವಿವಾದಕ್ಕೆ ಒಳಗಾಯಿತು. ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ರಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಪ್ರಮಾಣಪತ್ರ ದೊರೆಯಿತು. ಅರ್ಜಿ ಹಾಕುವುದು ಸುಲಭದ ಮಾತಲ್ಲ. ತಾವು ಅಥವಾ ಪೂರ್ವಜರು ಆ ದೇಶದವರೆಂಬುದಕ್ಕೆ ದಾಖಲೆ ಒದಗಿಸಬೇಕು. ಉಟ್ಟ ಬಟ್ಟೆಯಲ್ಲಿ ಓಡಿಬಂದ ಮನೆಯಲ್ಲಿ ಅದು ಉಳಿದಿರುವುದು ಅಪರೂಪ. ಮೇಲಾಗಿ, ಮತದಾರರ ಚೀಟಿ, ಪಡಿತರ ಚೀಟಿ ಹೊಂದಿ ಹಲವು ಚುನಾವಣೆ ಕಂಡವರು, ತಾವು ಇನ್ನೂ ವಿದೇಶಿಯರೆಂದು ಸ್ವತಃ ಬರೆದುಕೊಡಬೇಕು.

ಬೈಲಕುಪ್ಪೆಯ ಟಿಬೆಟನ್ನರೊಡನೆ ಹೋಲಿಸಿದರೆ ಈ ಸ್ಥಿತಿಯ ವಿಚಿತ್ರ ಎದ್ದು ಕಾಣುತ್ತದೆ. 1960ರಿಂದ ಅಲ್ಲಿ ನೆಲೆಸಿದವರು ವಿದೇಶಿಯರೆಂದೇ ನೋಂದಣಿಯಾದವರು; ಅವರಿಗೆ ತಮ್ಮದೇ ಶಾಲೆಗಳಿವೆ, ಮಠಗಳಿವೆ, ಆಡಳಿತ ವ್ಯವಸ್ಥೆಯಿದೆ. ಸಿಂಧನೂರಿನವರಿಗೆ ನಿರಾಶ್ರಿತರೆಂಬ ಪ್ರತ್ಯೇಕ ಸೌಲಭ್ಯವೂ ಇಲ್ಲ, ಪೌರರೆಂಬ ಪೂರ್ಣ ಭರವಸೆಯೂ ಇಲ್ಲ.

ಪೌರತ್ವ ಖಚಿತವಿರುವವರಿಗೂ ಜಾತಿ ಪ್ರಮಾಣಪತ್ರದ ಸಮಸ್ಯೆ ಬಾಕಿ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾಮಶೂದ್ರರು ಪಶ್ಚಿಮ ಬಂಗಾಳದ ಪಟ್ಟಿಯಲ್ಲಿದ್ದಾರೆ; ಕರ್ನಾಟಕದಲ್ಲಿಯೂ ಸೇರಿಸಬೇಕೆಂಬುದು ಕ್ಯಾಂಪುಗಳ ಬಹುಕಾಲದ ಬೇಡಿಕೆ. ಸಂವಿಧಾನದ 341ನೇ ವಿಧಿಯಂತೆ ಆ ಪಟ್ಟಿಗೆ ಹೊಸ ಹೆಸರು ಸೇರಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ.