ಡ್ರಮ್ಮು ಬದಲಿಸಿದರೆ ಸಾಲದು: ಅಗ್ನಿಶಾಮಕ ನೊರೆ ವ್ಯವಸ್ಥೆಗಳಲ್ಲಿ ಪಿಎಫ್‌ಎಎಸ್ ನಿಯಂತ್ರಣಕ್ಕೆ ಪೂರ್ವಸಿದ್ಧತೆ

ಉರಿಯುವ ಪೆಟ್ರೋಲಿಗೆ ಬರಿಯ ನೀರು ಸುರಿದರೆ ನೀರು ಕೆಳಗಿಳಿಯುತ್ತದೆ, ಬೆಂಕಿ ಮೇಲೆ ತೇಲುತ್ತದೆ. 1960ರ ದಶಕದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯ ರೂಪಿಸಿದ ಎಎಫ್‌ಎಫ್‌ಎಫ್ ನೊರೆ ಈ ತೊಡಕನ್ನು ಬಿಡಿಸಿತು. ಅದರಲ್ಲಿರುವ ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳು ನೀರಿನ ಮೇಲ್ಮೈ ಎಳೆತವನ್ನು ತೀರಾ ತಗ್ಗಿಸುವುದರಿಂದ ತೆಳುವಾದ ನೀರಿನ ಪೊರೆಯೊಂದು ಎಣ್ಣೆಯ ಮೇಲೆಯೇ ಹರಡಿ ಆವಿಯನ್ನು ತಡೆಯುತ್ತದೆ. 1967ರಲ್ಲಿ ಅಮೆರಿಕದ ಫಾರೆಸ್ಟಲ್ ಯುದ್ಧನೌಕೆಯ ಬೆಂಕಿಗೆ 134 ಮಂದಿ ಬಲಿಯಾದ ಮೇಲೆ ಈ ನೊರೆ ನೌಕೆಗಳಿಂದ ವಿಮಾನ ನಿಲ್ದಾಣ, ತೈಲಾಗಾರಗಳವರೆಗೆ ಹಬ್ಬಿತು. ಅದು ಉಳಿಸಿದ ಜೀವಗಳನ್ನು ಮರೆತು ಕೆಡುಕನ್ನಷ್ಟೇ ಬರೆಯುವುದು ನ್ಯಾಯವಲ್ಲ.

ಕೆಡುಕೂ ಸಣ್ಣದಲ್ಲ. ಈ ಸಂಯುಕ್ತಗಳ ಇಂಗಾಲ–ಫ್ಲೋರಿನ್ ಬಂಧ ಮಣ್ಣಿನಲ್ಲಿ, ನೀರಿನಲ್ಲಿ ಸುಲಭಕ್ಕೆ ಮುರಿಯದು. ಸ್ವೀಡನ್ನಿನ ಕಾಲಿಂಗೆಯಲ್ಲಿ ವಾಯುನೆಲೆಯ ನೊರೆ ಕುಡಿಯುವ ನೀರಿಗೆ ಸೇರಿದ್ದು 2013ರಲ್ಲಿ ಬಯಲಾಯಿತು. ರಕ್ತದಲ್ಲಿ ಪಿಎಫ್‌ಎಎಸ್ ಪ್ರಮಾಣ ಏರಿರುವುದೇ ದೇಹಕ್ಕಾದ ಹಾನಿ ಎಂದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾಯಿಲೆ ಬರುವವರೆಗೆ ಕಾಯಬೇಕಿಲ್ಲ ಎಂಬ ಈ ನಿಲುವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ.

ದೀರ್ಘಕಾಲ ಉಳಿಯುವ ವಿಷರಾಸಾಯನಿಕಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಪಿಎಫ್‌ಎಎಸ್ ವರ್ಗದಿಂದ 2009ರಲ್ಲಿ ಪಿಎಫ್‌ಒಎಸ್, 2019ರಲ್ಲಿ ಪಿಎಫ್‌ಒಎ, 2022ರಲ್ಲಿ ಪಿಎಫ್‌ಎಚ್‌ಎಕ್ಸ್‌ಎಸ್ ಸೇರಿದವು. ಒಂದೊಂದಾಗಿ ನಿಷೇಧಿಸುವ ಈ ಕ್ರಮವನ್ನು ಬಿಟ್ಟು ಐರೋಪ್ಯ ಒಕ್ಕೂಟ 2025ರ ಅಕ್ಟೋಬರಿನಲ್ಲಿ ಅಗ್ನಿಶಾಮಕ ನೊರೆಗಳಲ್ಲಿನ ಇಡೀ ಪಿಎಫ್‌ಎಎಸ್ ವರ್ಗಕ್ಕೇ ಲೀಟರಿಗೆ 1 ಮಿ.ಗ್ರಾಂ. ಮಿತಿ ಹಾಕಿತು. ಸಾಮಾನ್ಯ ಬಳಕೆಗೆ ಗಡುವು 2030. ಶುಚಿಗೊಳಿಸಿದ ಹಳೆಯ ಉಪಕರಣಗಳಿಗೆ ಮಾತ್ರ 50 ಮಿ.ಗ್ರಾಂ. ವರೆಗೆ ಸಡಿಲಿಕೆ ಇದೆ.

ಈ ಸಡಿಲಿಕೆಯಲ್ಲೇ ಸಮಸ್ಯೆಯ ತಿರುಳಿದೆ. ಪಿಎಫ್‌ಎಎಸ್ ಅಣುಗಳು ಪೈಪಿನ ಒಳಗೋಡೆಗೆ ಪದರ ಪದರವಾಗಿ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಮೂರು ಸಲ ಜಾಲಾಡಿಸಿದರೂ ಪೂರ್ತಿ ಬಿಡುವುದಿಲ್ಲ, ಆಮೇಲೆ ತುಂಬಿದ ಹೊಸ ದ್ರಾವಣಕ್ಕೆ ನಿಧಾನವಾಗಿ ಇಳಿಯುತ್ತವೆ. ಹಳೆಯ ಸಾಂದ್ರ ದ್ರಾವಣದಲ್ಲಿ ಶೇ. 1ರಷ್ಟು ಪಿಎಫ್‌ಎಎಸ್ ಇತ್ತೆನ್ನೋಣ, ಅಂದರೆ ಲೀಟರಿಗೆ ಸುಮಾರು 10,000 ಮಿ.ಗ್ರಾಂ. ಸಾವಿರ ಲೀಟರಿನ ಟ್ಯಾಂಕಿಗೆ ಹೊಸ ನೊರೆ ತುಂಬುವಾಗ ವಾಲ್ವಿನ ಸಂದಿಯಲ್ಲೋ ಪೈಪಿನ ತಿರುವಿನಲ್ಲೋ ಹಳೆಯದು 5 ಲೀಟರ್ ಉಳಿದಿದ್ದರೆ 50ರ ಮಿತಿಯೂ ಮುಟ್ಟಿಹೋಗುತ್ತದೆ. ಸಿದ್ಧತೆ ಡ್ರಮ್ಮಿನಿಂದಲ್ಲ, ಪೈಪಿನ ನಕ್ಷೆಯಿಂದ ಶುರುವಾಗಬೇಕು.

ಫ್ಲೋರಿನ್ ರಹಿತ ನೊರೆ ಪೊರೆ ಕಟ್ಟುವುದಿಲ್ಲ. ಗುಳ್ಳೆಗಳ ಹೊದಿಕೆಯಷ್ಟೇ ಅದರ ಬಲ. ಹಲವು ಬಗೆಗಳು ಮಂದವಾಗಿದ್ದು ನಿಧಾನವಾಗಿ ಹರಿಯುವುದರಿಂದ ನೂರರಲ್ಲಿ 3 ಪಾಲು ಬೆರೆಸಲು ಹೊಂದಿಸಿದ ಹಳೆಯ ಮಿಶ್ರಣ ಯಂತ್ರ ಕಡಿಮೆ ಎಳೆದೀತು. ಸುರಿಯುವ ಪ್ರಮಾಣ, ನಳಿಕೆ, ಸ್ಪ್ರಿಂಕ್ಲರ್ ಎಲ್ಲವನ್ನೂ ಆಯಾ ಇಂಧನಕ್ಕೆ ತಕ್ಕಂತೆ ಮತ್ತೆ ಪರೀಕ್ಷಿಸದೆ ಬದಲಿಸುವುದು ಬೆಂಕಿ ಆರಿಸುವವರ ಪ್ರಾಣದ ಜೊತೆ ಆಡಿದಂತೆ.

ಭಾರತ 2006ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಸೇರಿದಾಗ, ಹೊಸ ಸೇರ್ಪಡೆಗಳು ತಾನು ಪ್ರತ್ಯೇಕವಾಗಿ ಅಂಗೀಕರಿಸಿದಾಗ ಮಾತ್ರ ತನಗೆ ಅನ್ವಯವೆಂದು ಹೇಳಿತ್ತು. ಮಂಗಳೂರಿನಂಥ ಊರುಗಳ ತೈಲಾಗಾರಗಳು ಅಂಥ ಅಂಗೀಕಾರಕ್ಕೆ ಕಾಯದೆ ಮಾಡಬಹುದಾದದ್ದು ಬಹಳ: ದಾಸ್ತಾನಿನ ನೊರೆಯಲ್ಲಿ ಏನಿದೆಯೆಂದು ತಯಾರಕರಿಂದ ಲಿಖಿತವಾಗಿ ಪಡೆಯುವುದು, ತರಬೇತಿಗೆ ಈ ನೊರೆಯ ಬಳಕೆಯನ್ನು ಇಂದೇ ನಿಲ್ಲಿಸುವುದು, ತೊಳೆದ ನೀರು ಚರಂಡಿ ಸೇರದಂತೆ ತೊಟ್ಟಿಯಲ್ಲಿ ಹಿಡಿದಿಡುವುದು.