ಪಹಣಿಯಿಂದ ಪಾಸ್‌ಬುಕ್‌ವರೆಗೆ: ಬೆಂಗಳೂರಿನ ಹೊರವಲಯ ಮತ್ತು ತನಿಖಾ ವರದಿಗಾರಿಕೆ

ಕರ್ನಾಟಕದ ತನಿಖಾ ಪತ್ರಿಕೋದ್ಯಮದ ಚರಿತ್ರೆಯನ್ನು ಸಂಪಾದಕರ ಎದೆಗಾರಿಕೆಯ ಕಥನವಾಗಿ ಹೇಳುವುದು ರೂಢಿ. ಪ್ರಸ್ತುತ ಲೇಖನ ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ: ವರದಿಗಾರರ ಕೈಗೆ ಯಾವ ದಾಖಲೆ ಸಿಕ್ಕಿತು, ಯಾವುದು ಸಿಗಲಿಲ್ಲ? ರಾಜಕೀಯ ಭ್ರಷ್ಟಾಚಾರದ ಬಹುಪಾಲು ಪ್ರಕರಣಗಳಲ್ಲಿ ಜಮೀನಿನ ಕಾಗದ ಅವರಿಗೆ ಎಟುಕಿತು. ಹಣದ ಕಾಗದ ಎಟುಕಲಿಲ್ಲ. ನಮ್ಮ ತನಿಖಾ ವರದಿಗಾರಿಕೆಯ ಬಲವನ್ನೂ ಮಿತಿಯನ್ನೂ ನಿರ್ಧರಿಸಿದ್ದು ಈ ವ್ಯತ್ಯಾಸವೇ ಎಂಬುದು ಇಲ್ಲಿನ ವಾದ.

ಹಿನ್ನೆಲೆ

ಜಾಹೀರಾತುಗಳ ಹಂಗಿಲ್ಲದೆ 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಆರ್. ಗುಂಡೂರಾವ್ ಸರ್ಕಾರವನ್ನು ನಿಷ್ಠುರವಾಗಿ ವಿಮರ್ಶಿಸಿತು. ಆ ಕಾಲದ ವರದಿಗಳಿಗೆ ಮುಖ್ಯ ಆಧಾರ ಒಳಗಿನವರ ಮಾತು. ದಾಖಲೆಯ ಯುಗ ಬಂದದ್ದು ಹೊರವಲಯದ ಜಮೀನಿಗೆ ಬೆಲೆ ಬಂದ ಮೇಲೆ.

1966ರ ಕಾಯ್ದೆಯಿಂದ ರಚನೆಯಾದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಕೈಗಾರಿಕೆಗೆಂದು ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳತೊಡಗಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ಗೆ ಐಟಿ ಪಾರ್ಕ್ ಬಂತು. ರಾಗಿ ಬೆಳೆಯುತ್ತಿದ್ದ ಹೊಲದ ಸರ್ವೆ ನಂಬರಿಗೆ ಕೋಟಿಯ ಲೆಕ್ಕ ಅಂಟಿಕೊಂಡಿತು.

ಸ್ವಾಧೀನದಷ್ಟೇ ಲಾಭದಾಯಕವಾದದ್ದು ಸ್ವಾಧೀನವನ್ನು ಕೈಬಿಡುವ ಅಧಿಕಾರ. 1894ರ ಭೂಸ್ವಾಧೀನ ಕಾಯ್ದೆಯ 48ನೇ ಸೆಕ್ಷನ್ ಪ್ರಕಾರ, ವಶಕ್ಕೆ ಪಡೆಯುವ ಮೊದಲು ಸರ್ಕಾರ ಜಮೀನನ್ನು ಪ್ರಕ್ರಿಯೆಯಿಂದ ಹೊರಗಿಡಬಹುದಿತ್ತು. ‘ಡಿನೋಟಿಫಿಕೇಶನ್’ ಎಂಬ ಕಚೇರಿಯ ಮಾತು ಮನೆಮಾತಾದದ್ದು ಹೀಗೆ. ಜೊತೆಗೆ ಒತ್ತುವರಿಯೂ ಇತ್ತು: ಎ.ಟಿ. ರಾಮಸ್ವಾಮಿ ನೇತೃತ್ವದ ಜಂಟಿ ಸದನ ಸಮಿತಿ 2007ರಲ್ಲಿ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರಕ್ಕೂ ಹೆಚ್ಚು ಎಕರೆ ಸರ್ಕಾರಿ ಜಮೀನು ಒತ್ತುವರಿಯಾಗಿದೆ ಎಂದಿತು. ಅಷ್ಟರಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ ಗಣಕೀಕೃತವಾಗಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ಟಿಪ್ಪಣಿ ಹಾಳೆಗಳೂ ಹೊರಬರತೊಡಗಿದವು. ಪಹಣಿ, ಮ್ಯುಟೇಶನ್, ಕ್ರಯಪತ್ರಗಳನ್ನು ಜೋಡಿಸಬಲ್ಲ ಯಾವ ವರದಿಗಾರನಾದರೂ ಜಮೀನು ಯಾರಿಂದ ಯಾರಿಗೆ ಹೋಯಿತೆಂದು ತೋರಿಸಬಹುದಿತ್ತು. ಅದಕ್ಕೆ ಪ್ರತಿಯಾಗಿ ಹಣ ಎಲ್ಲಿಗೆ ಹೋಯಿತೆಂದು ತೋರಿಸುವುದು ಸಾಧ್ಯವಿರಲಿಲ್ಲ.

ರಾಚೇನಹಳ್ಳಿ: ಎರಡು ದಾಖಲೆಗಳ ಭೇಟಿ

ಈ ಕೊರತೆಯನ್ನು ತುಂಬಿದ್ದು ಲೋಕಾಯುಕ್ತ. ಲೋಕಾಯುಕ್ತರಾಗಿದ್ದ ನ್ಯಾ. ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಕುರಿತ ತಮ್ಮ ಎರಡನೇ ವರದಿಯನ್ನು 2011ರ ಜುಲೈ 27ರಂದು ಸಲ್ಲಿಸಿದರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್ಟುಗಳ ಜೊತೆಗೆ ಬ್ಯಾಂಕ್ ಖಾತೆಗಳನ್ನೂ ಪರಿಶೀಲಿಸಿತ್ತು. ಬೊಕ್ಕಸಕ್ಕೆ ಆದ ನಷ್ಟ ₹16,085 ಕೋಟಿ ಎಂದು ವರದಿ ಅಂದಾಜಿಸಿತು.

ಬಳ್ಳಾರಿಯ ಅದಿರಿನ ವರದಿಯೊಳಗೆ ಬೆಂಗಳೂರಿನ ಉತ್ತರ ಅಂಚಿನ ರಾಚೇನಹಳ್ಳಿಯೂ ಇತ್ತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಕುಟುಂಬದವರು 2006ರಲ್ಲಿ ₹40 ಲಕ್ಷಕ್ಕೆ ಕೊಂಡಿದ್ದ ಜಮೀನು 2010ರಲ್ಲಿ ₹20 ಕೋಟಿಗೆ ಸೌತ್ ವೆಸ್ಟ್ ಮೈನಿಂಗ್ ಕಂಪನಿಗೆ ಮಾರಾಟವಾಗಿತ್ತು. ಕುಟುಂಬದ ಪ್ರೇರಣಾ ಟ್ರಸ್ಟ್‌ಗೆ ಅದೇ ಕಂಪನಿಯಿಂದ ₹10 ಕೋಟಿ ದೇಣಿಗೆ ಬಂದಿತ್ತು. ಕ್ರಯಪತ್ರ ಮತ್ತು ಬ್ಯಾಂಕ್ ಖಾತೆ ಒಂದೇ ಕಡತದಲ್ಲಿ ಎದುರುಬದುರಾದವು. ವರದಿಯ ಭಾಗಗಳು ಸಲ್ಲಿಕೆಗೆ ಮೊದಲೇ ಸುದ್ದಿವಾಹಿನಿಗಳಿಗೆ ಸೋರಿದ್ದವು; ಜುಲೈ 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು.

ಮುಂದಿನದು ಅಷ್ಟೇ ಮುಖ್ಯ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2012ರ ಮೇ ತಿಂಗಳಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು. 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯ ಯಡಿಯೂರಪ್ಪ ಮತ್ತಿತರರನ್ನು ಖುಲಾಸೆಗೊಳಿಸಿತು. ಸುದ್ದಿಗೆ ಸಾಕಾದ ದಾಖಲೆ ಶಿಕ್ಷೆಗೆ ಸಾಕಾಗಲಿಲ್ಲ. ಇತಿಹಾಸ ಬರೆಯುವವರು ರಾಜೀನಾಮೆ ಮತ್ತು ಖುಲಾಸೆ ಎರಡನ್ನೂ ಒಟ್ಟಿಗೇ ದಾಖಲಿಸಬೇಕು.

ಬ್ಯಾಂಕಿನ ಬಾಗಿಲು

ಆಮೇಲಿನ ಹಗರಣಗಳಲ್ಲಿ ಪತ್ರಿಕೆಗಳು ತಡವಾಗಿಯೇ ತಲುಪಿದವು. 2019ರ ಜೂನ್‌ನಲ್ಲಿ ಜನರಿಂದ ಠೇವಣಿ ಸಂಗ್ರಹಿಸಿದ್ದ ಐಎಂಎ ಕಂಪನಿಯ ಮುಖ್ಯಸ್ಥ ದುಬೈಗೆ ಪರಾರಿಯಾಗಿ, ಅವನ ಧ್ವನಿಮುದ್ರಣ ಹರಿದಾಡಿದ ಮೇಲೆ ಠೇವಣಿದಾರರು ಬೀದಿಗೆ ಬಂದರು. ಠೇವಣಿದಾರರ ರಕ್ಷಣೆಯ ರಾಜ್ಯ ಕಾಯ್ದೆಯ ಹೊಣೆ ಇದ್ದದ್ದು ಕಂದಾಯ ಅಧಿಕಾರಿಗಳ ಮೇಲೆ. ಲಂಚ ಪಡೆದ ಆರೋಪದಲ್ಲಿ ಒಬ್ಬ ಉಪವಿಭಾಗಾಧಿಕಾರಿಯೂ ಬೆಂಗಳೂರು ನಗರ ಜಿಲ್ಲಾಧಿಕಾರಿಯೂ ಬಂಧಿತರಾದರು. ಪಹಣಿಗಾಗಿ ವರದಿಗಾರರು ದಿನವೂ ತಿರುಗುತ್ತಿದ್ದ ಇಲಾಖೆಯಲ್ಲೇ ಠೇವಣಿಯ ಕಡತವೂ ಇತ್ತು. ಅದನ್ನು ಕೇಳಿದವರು ವಿರಳ.

2024ರ ಮೇ 26ರಂದು ರಾಜ್ಯ ಸರ್ಕಾರದ ವಾಲ್ಮೀಕಿ ಅಭಿವೃದ್ಧಿ ನಿಗಮದ ಅಧಿಕಾರಿಯೊಬ್ಬರು ಶಿವಮೊಗ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ನಿಗಮದ ಹಣ ಯೂನಿಯನ್ ಬ್ಯಾಂಕಿನ ಎಂ.ಜಿ. ರಸ್ತೆ ಶಾಖೆಯಿಂದ ಅಕ್ರಮವಾಗಿ ವರ್ಗಾವಣೆಯಾದದ್ದು ಅವರ ಮರಣಪತ್ರದಿಂದ ಹೊರಬಂತು. ನಿಗಮದ ಹೊಣೆ ಹೊತ್ತಿದ್ದ ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು. ಸಾರ್ವಜನಿಕ ಹಣದ ಚಲನೆ ತಿಳಿಯಲು ಒಬ್ಬರು ಸಾಯಬೇಕಾಯಿತು.

ಉಪಸಂಹಾರ

ಬ್ಯಾಂಕುಗಳ ತಪಾಸಣಾ ವರದಿಯನ್ನು ಮಾಹಿತಿ ಹಕ್ಕಿನಡಿ ಕೊಡಬೇಕೆಂದು ಜಯಂತಿಲಾಲ್ ಮಿಸ್ತ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲೇ ರಿಸರ್ವ್ ಬ್ಯಾಂಕಿಗೆ ಹೇಳಿದೆ. ಇತ್ತ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಉಪವಿಧಿಯನ್ನು ತಿದ್ದಿ, ಅದರಲ್ಲಿದ್ದ ಸಾರ್ವಜನಿಕ ಹಿತದ ಅವಕಾಶವನ್ನು ಕೈಬಿಟ್ಟಿದೆ. ಒಂದು ಬಾಗಿಲು ತೆರೆಯಿತು, ಇನ್ನೊಂದು ಕಿರಿದಾಯಿತು. ಕನ್ನಡ ಪತ್ರಿಕೆಗಳು ಸರ್ವೆ ನಂಬರ್ ಓದುವುದನ್ನು ಕಲಿತಿವೆ. ಸಹಕಾರಿ ಬ್ಯಾಂಕಿನ ಲೆಕ್ಕಪರಿಶೋಧನಾ ವರದಿ, ನಿಗಮಗಳ ಖಾತೆ, ತೀರ್ಪಿನವರೆಗಿನ ನ್ಯಾಯಾಲಯದ ಕಡತ ಇವನ್ನು ಓದುವ ಅಭ್ಯಾಸ ಇನ್ನೂ ಬೆಳೆಯಬೇಕಿದೆ. ಅದು ಬೆಳೆಯದ ಹೊರತು, ಹಗರಣ ನಡೆದ ಮೇಲಿನ ವರದಿಯನ್ನೇ ನಾವು ತನಿಖೆ ಎಂದು ಕರೆಯುತ್ತಿರುತ್ತೇವೆ.